ನಾಲ್ಕನೇ ಸಾಲು

ನನ್ನ ವಾರಗಿತ್ತಿ ಇಂಚರ ಹೋದ ಜನವರಿಯಲ್ಲಿ ಒಂದು ಲೋಕವನ್ನು ಕಂಡುಹಿಡಿದಳು. ಫೆಬ್ರವರಿಯಲ್ಲಿ ನಾನು ಅದನ್ನು ಇಲ್ಲವೆನ್ನಿಸಿದೆ. ಕಾರಣ ಹೊಟ್ಟೆಕಿಚ್ಚು. ಅದಕ್ಕೆ ಬೇರೆ ದೊಡ್ಡ ಹೆಸರು ಕೊಟ್ಟು ಅಲಂಕಾರ ಮಾಡುವ ಉಮೇದು ಈಗ ನನಗೆ ಉಳಿದಿಲ್ಲ.

ನಾವಿಬ್ಬರೂ ಒಂದೇ ಮನೆಯ ಸೊಸೆಯರು, ಒಂದೇ ಕೇಂದ್ರದ ವಿಜ್ಞಾನಿಗಳು. ನಾನು ಹಿರಿಯವಳು, ಶಿವಲೀಲಾ. ಚಿತ್ರದುರ್ಗದಾಚೆಯ ಕಾವಲಿನಲ್ಲಿ, ಕಣ್ಣು ಹಾಯುವಷ್ಟು ದೂರ ಹುಲ್ಲೇ ಹುಲ್ಲು ಇರುವ ಕಡೆ, 'ಬೆಳಕಿಂಡಿ' ದೂರದರ್ಶಕದ ನಿಯಂತ್ರಣ ಕೇಂದ್ರವಿದೆ. ದೂರದರ್ಶಕ ಇದ್ದದ್ದು ಭೂಮಿಯಿಂದ ಹದಿನೈದು ಲಕ್ಷ ಕಿಲೋಮೀಟರ್ ಆಚೆ. ಅದರ ಕಿವಿ ಹಿಂಡಿ ಕೆಲಸ ಮಾಡಿಸುವ ನಾವು ಮಾತ್ರ ಇಲ್ಲಿ ಮಂಡಕ್ಕಿ ತಿನ್ನುತ್ತ ಕೂತಿರುತ್ತಿದ್ದೆವು. ಅಲ್ಲಿ ಹಗಲು ರಾತ್ರಿ ಎಂಬುದಿಲ್ಲವಾದ್ದರಿಂದ ಬೆಳಗ್ಗೆ ಒಂಬತ್ತಕ್ಕೆ ಹೋಗಿ, ನಕ್ಷತ್ರ ನೋಡಿ, ಸಂಜೆ ಐದೂವರೆಯ ಬಸ್ಸಿಗೆ ಮನೆಗೆ ಬರುವ ಜನ ನಾವು.

ನಮ್ಮ ಕಸುಬು ಹೊರಗ್ರಹಗಳದ್ದು, ಅಂದರೆ ಬೇರೆ ನಕ್ಷತ್ರಗಳನ್ನು ಸುತ್ತುವ ಗ್ರಹಗಳದ್ದು. ಅವು ನೇರವಾಗಿ ಕಣ್ಣಿಗೆ ಬೀಳುವುದಿಲ್ಲ. ಗ್ರಹ ತನ್ನ ನಕ್ಷತ್ರದ ಮುಂದೆ ಹಾದುಹೋಗುವಾಗ ನಕ್ಷತ್ರದ ಬೆಳಕು ಕೂದಲೆಳೆಯಷ್ಟು ತಗ್ಗುತ್ತದೆ. ಅದಕ್ಕೆ ಸಂಕ್ರಮ ಅನ್ನುತ್ತೇವೆ. ಗ್ರಹಕ್ಕೆ ಗಾಳಿ ಇದ್ದರೆ ಅದರ ಅಂಚಿನ ತೆಳು ಪದರದ ಮೂಲಕ ಒಂದಿಷ್ಟು ಬೆಳಕು ಸೋಸಿ ಬರುತ್ತದೆ. ಯಾವ ಯಾವ ಬಣ್ಣ ಆ ಗಾಳಿಯಲ್ಲೇ ಉಳಿದುಹೋಯಿತು ಎಂದು ನೋಡಿದರೆ ಅಲ್ಲಿ ಯಾವ ಅನಿಲವಿದೆ ಎಂದು ಹೇಳಬಹುದು. ಒಂದು ಸಂಕ್ರಮದಿಂದ ಏನೂ ಗೊತ್ತಾಗದು. ಇಪ್ಪತ್ತು ಮೂವತ್ತು ಸೇರಿಸಬೇಕು, ನಡುವಿನ ಗದ್ದಲ ಕಳೆಯಬೇಕು, ವರ್ಷಗಟ್ಟಲೆ ಕಾಯಬೇಕು.

ಅಷ್ಟು ಕಾದವರಿಗೆ ಇಲ್ಲದ್ದೂ ಕಾಣತೊಡಗುತ್ತದೆ. ಅದಕ್ಕಾಗಿ ನಮ್ಮಲ್ಲೊಂದು ಪದ್ಧತಿ ಇತ್ತು. ಎರಡು ವರ್ಷಕ್ಕೊಮ್ಮೆ ಒಬ್ಬರನ್ನು 'ಸುಳ್ಳುಗಾರ' ಎಂದು ನೇಮಿಸುತ್ತಿದ್ದರು. ಆ ಮನುಷ್ಯ ಕೆಲವು ನಕ್ಷತ್ರಗಳನ್ನು ಆರಿಸಿ, ಅವುಗಳ ರೋಹಿತದಲ್ಲಿ, ಅಂದರೆ ಬಣ್ಣಬಣ್ಣವಾಗಿ ಬಿಡಿಸಿಟ್ಟ ಬೆಳಕಿನಲ್ಲಿ, ಇಲ್ಲದ ಅನಿಲದ ಗುರುತು ಬೆರೆಸುವಂತೆ ದೂರದರ್ಶಕಕ್ಕೇ ಗುಟ್ಟಾಗಿ ಹೇಳಿಡಬೇಕು. ಮಾಹಿತಿ ಕೆಳಗೆ ಬರುವಾಗಲೇ ನಿಜವೂ ಸುಳ್ಳೂ ಬೆರೆತಿರುತ್ತದೆ. ಯಾರಾದರೂ ಕಂಡೆ ಎಂದದ್ದು ಬೆರೆಸಿದ ಅಳತೆಗೆ ಹೊಂದದಿದ್ದರೆ ಅವರ ಲೆಕ್ಕದ ದಾರಿ ಎಲ್ಲಿ ತಪ್ಪಿತೆಂದು ತಿದ್ದಬಹುದು, ಸಿಕ್ಕಿದ್ದು ಸುಮಾರಾಗಿ ಸುಳ್ಳುಗಾರ ಬೆರೆಸಿದಷ್ಟೇ ಇದ್ದರೆ ದಾರಿ ಸರಿಯಿದೆ ಎಂದುಕೊಳ್ಳಬಹುದು. ಹಿಂದೊಮ್ಮೆ ಯಾರೋ ಇಣುಕಿ ನೋಡಿದ್ದರಿಂದ ಯಾವ ಕಂಪ್ಯೂಟರಿನಲ್ಲೂ ಇದರ ದಾಖಲೆ ಉಳಿಸುತ್ತಿರಲಿಲ್ಲ. ಇರುವುದು ಒಂದೇ ಹಾಳೆ, ಐದು ಸಾಲಿನದು. ಯಾವ ನಕ್ಷತ್ರಕ್ಕೆ ಯಾವ ಸುಳ್ಳು, ಎಷ್ಟು ಎಂದು ಬರೆದು, ಲಕೋಟೆಗೆ ಅರಗಿನ ಮುದ್ರೆ ಹಾಕಿ, ಸುಳ್ಳುಗಾರ ತನ್ನ ಮನೆಯಲ್ಲಿಟ್ಟುಕೊಳ್ಳಬೇಕು. ಯಾರಾದರೂ "ಕಂಡೆ" ಎಂದು ರಿಜಿಸ್ಟರಿನಲ್ಲಿ ಬರೆದರೆ ಏಳನೇ ದಿನ ಎಲ್ಲರೆದುರು ಅದನ್ನು ಒಡೆಯಬೇಕು. ಅಲ್ಲಿಯವರೆಗೆ ಸುಳ್ಳುಗಾರ ಹೂಂ ಅನ್ನುವಂತಿಲ್ಲ, ಊಹೂಂ ಅನ್ನುವಂತಿಲ್ಲ. ಅವನ ಬಾಯಿಮಾತಿಗೆ ಬೆಲೆಯೇ ಇಲ್ಲ, ಹಾಳೆ ಹೇಳಿದ್ದೇ ಕೊನೆ.

ಕೊನೆಯ ಸುಳ್ಳುಗಾರ್ತಿ ನಾನು. ಒಂದೇ ಮನೆಯಲ್ಲಿ ಹುಡುಕುವವಳೂ ಸುಳ್ಳು ಹಾಕುವವಳೂ ಇರಬಹುದೇ ಎಂದು ಯಾರೋ ಆಕ್ಷೇಪಿಸಿದಾಗ ನಮ್ಮ ನಿರ್ದೇಶಕ ಮೆನೇಜಸ್ ಸರ್, "ವಾರಗಿತ್ತಿಯರು ಗುಟ್ಟು ಹಂಚಿಕೊಳ್ಳುದುಂಟಾ ಮಾರಾಯ್ರೆ? ಇದಕ್ಕಿಂತ ಭದ್ರ ಬೇಕಾ ನಿಮಗೆ?" ಎಂದು ನಕ್ಕಿದ್ದರು. ಎಲ್ಲರೂ ನಕ್ಕಿದ್ದರು. ನಾನು ಅವಳಿಗೆ ಗುಟ್ಟು ಬಿಟ್ಟುಕೊಟ್ಟೇನೇ ಎಂದು ಮಾತ್ರ ಅವರು ಯೋಚಿಸಿದ್ದು.

ನಾನು ಹಾಕಿದ್ದು ಮೂರು ಸುಳ್ಳು. ಖಾಲಿ ಉಳಿದ ಎರಡು ಸಾಲಿಗೆ ಅಡ್ಡಗೆರೆ ಹೊಡೆಯಬೇಕೆಂಬ ನಿಯಮವಿತ್ತು. ಅವತ್ತು ಬಸ್ಸಿಗೆ ಹೊತ್ತಾಗಿ, ಗೆರೆ ಹೊಡೆಯದೆ ಮಡಚಿಟ್ಟಿದ್ದೆ.

ಇಂಚರ ಏಳು ವರ್ಷದ ಹಿಂದೆ ನನ್ನ ಮೈದುನ ಉಮಾಪತಿಯನ್ನು ಮದುವೆಯಾಗಿ ಬಂದಳು. ನನಗಿಂತ ಹದಿಮೂರು ವರ್ಷ ಚಿಕ್ಕವಳು. ಕೆಟ್ಟವಳಾಗಿದ್ದರೆ ನನ್ನ ಬದುಕು ಸಲೀಸಾಗುತ್ತಿತ್ತು. ಅವಳು ಒಳ್ಳೆಯವಳು, ಅದೇ ತಾಪತ್ರಯ. ರೊಟ್ಟಿ ತಟ್ಟಿದರೆ ನನ್ನದಕ್ಕಿಂತ ತೆಳು. ನನ್ನ ಗಂಡ ಹೇಳುವ ಹಳಸಲು ಜೋಕಿಗೂ ಅವಳಿಗೆ ನಿಜವಾಗಿ ನಗು ಬರುತ್ತದೆ. ನಮ್ಮತ್ತೆ ಸರ್ವಮಂಗಳಮ್ಮನವರು ನಾನು ಏನು ಕೆಲಸ ಮಾಡುತ್ತೇನೆಂದು ಇಪ್ಪತ್ತು ವರ್ಷದಲ್ಲಿ ಒಂದು ಸಲ ಕೇಳಿದವರಲ್ಲ. ಇವಳು ಬಂದ ತಿಂಗಳಲ್ಲೇ ಮನೆಗೆ ಬಂದವರಿಗೆಲ್ಲ "ನಮ್ಮ ಚಿಕ್ಕ ಸೊಸೆ ನಕ್ಷತ್ರದ ಇಲಾಖೇಲಿ ಅದಾಳೆ" ಅನ್ನತೊಡಗಿದರು. ಅದೇ ಇಲಾಖೆಯಲ್ಲಿ ನಾನು ಅವಳ ಮೇಲಧಿಕಾರಿಯಾಗಿದ್ದೆ.

ಇದೆಲ್ಲ ನುಂಗಬಹುದಿತ್ತು. ನುಂಗಲಾಗದೆ ಹೋದದ್ದು ಕೆಂಚಿಯ ವಿಷಯ.

ಕೆಂಚಿ ಒಂದು ಕೆಂಪು ಕುಬ್ಜ ನಕ್ಷತ್ರ. ಪಟ್ಟಿಯಲ್ಲಿ ಅದಕ್ಕೆ ಉದ್ದನೆಯ ನಂಬರಿದೆ, ಕೆಂಚಿ ಎಂದು ಹೆಸರಿಟ್ಟವಳು ನಾನು. ಬೆಳಕಿಂಡಿ ಮೇಲೆ ಹೋದ ಹೊಸತರಲ್ಲಿ, ಒಂಬತ್ತು ವರ್ಷದ ಹಿಂದೆ, ಹತ್ತೊಂಬತ್ತು ದಿನಕ್ಕೊಮ್ಮೆ ಅದರ ಮುಂದೆ ಹಾಯುವ ಗ್ರಹದಲ್ಲಿ ನನಗೆ ನೀರಾವಿ ಕಂಡಿತ್ತು. ರಿಜಿಸ್ಟರಿನಲ್ಲಿ ಬರೆದೆ, ಊರಿಗೆಲ್ಲ ಹೇಳಿಕೊಂಡೆ. ಮೂರು ತಿಂಗಳಿಗೆ ಗೊತ್ತಾಯಿತು, ಆ ನೀರಾವಿ ಇದ್ದದ್ದು ನಕ್ಷತ್ರದ ಮೈಮೇಲಿನ ಕಲೆಗಳಲ್ಲೇ. ಇಂಥ ತಣ್ಣನೆಯ ನಕ್ಷತ್ರಗಳ ಕಲೆ ಎಷ್ಟು ತಂಪೆಂದರೆ ಅಲ್ಲೇ ನೀರಾವಿ ನಿಲ್ಲುತ್ತದೆ, ಗ್ರಹದ ಲೆಕ್ಕಕ್ಕೆ ಬಂದು ಸೇರಿಕೊಂಡು ಮೋಸ ಮಾಡುತ್ತದೆ. ಬರೆದದ್ದನ್ನು ನಾನೇ ಹೊಡೆದುಹಾಕಿದೆ. ಆ ಕಲೆಗಳ ಬಗ್ಗೆ ಇನ್ನೂರು ಪುಟ ಟಿಪ್ಪಣಿ ಮಾಡಿ, ಕೆಂಚಿಯ ಕಡೆ ಮತ್ತೆ ತಿರುಗಿ ನೋಡಲಿಲ್ಲ.

ಇಂಚರ ಆ ಇನ್ನೂರು ಪುಟವನ್ನೂ ಓದಿದಳು. ನನ್ನ ಟಿಪ್ಪಣಿ ಹಿಡಿದೇ ಒಂದೊಂದು ಕಲೆಯ ಮೋಸವನ್ನೂ ಕಳೆಯುತ್ತ ಹೋದಳು. ಜನವರಿಯ ಕೊನೆಯ ಸೋಮವಾರ ನಿಯಂತ್ರಣ ಕೋಣೆಯ ದೊಡ್ಡ ಪರದೆಯ ಮೇಲೆ ಇಪ್ಪತ್ತಾರು ಸಂಕ್ರಮಗಳ ರೋಹಿತ ಹಾಕಿ, ಪಕ್ಕಕ್ಕೆ ನಿಂತಳು. ಓಜೋನ್ ಇತ್ತು. ಮೀಥೇನ್ ಇತ್ತು. ಅವೆರಡೂ ಒಂದೇ ಗಾಳಿಯಲ್ಲಿ ಬಹುಕಾಲ ಒಟ್ಟಿಗೆ ಇರಲಾರವು, ಯಾವುದೋ ಒಂದು ಅವನ್ನು ಮತ್ತೆ ಮತ್ತೆ ತುಂಬುತ್ತಿರಬೇಕು. ಅದಕ್ಕಿಂತ ಹೆಚ್ಚಿನದೂ ಇತ್ತು. ಎರಡು ವರ್ಷದುದ್ದಕ್ಕೂ ಓಜೋನ್ ನಿಧಾನ ಏರಿ ಇಳಿಯುತ್ತಿತ್ತು, ಮೀಥೇನ್ ಎರಡು ಸಂಕ್ರಮದಷ್ಟು ತಡವಾಗಿ ಅದರ ಹಿಂದೆಯೇ ಏರಿ ಇಳಿಯುತ್ತಿತ್ತು.

ಕೋಣೆಯಲ್ಲಿದ್ದ ಹನ್ನೊಂದು ಜನವೂ ಪರದೆ ಬಿಟ್ಟು ನನ್ನ ಮುಖ ನೋಡಿದರು.

"ಅವ್ರ ಮುಖ ಎಂತಕ್ಕೆ ನೋಡುದು? ಅವ್ರು ಹೇಳ್ಳಿಕ್ಕಿಲ್ಲ" ಎಂದರು ಮೆನೇಜಸ್ ಸರ್. "ರಿಜಿಸ್ಟರ್ ತನ್ನಿ."

ಇಂಚರ ಬರೆದಳು. ನಾನು ಮುಖವನ್ನು ಗೋಡೆಯ ಹಾಗೆ ಇಟ್ಟುಕೊಂಡಿದ್ದೆ. ನನ್ನ ಮೂರು ಸುಳ್ಳುಗಳಲ್ಲಿ ಕೆಂಚಿ ಇರಲಿಲ್ಲ. ಅದು ನಿಜ ಎಂದು ಆ ಗಳಿಗೆಯಲ್ಲಿ ಗೊತ್ತಿದ್ದವಳು ಇಡೀ ಭೂಮಿಯಲ್ಲಿ ನಾನೊಬ್ಬಳೇ. ನನಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ನನ್ನ ನಕ್ಷತ್ರ, ನನ್ನ ಟಿಪ್ಪಣಿ, ನಾನು ಹೊಡೆದುಹಾಕಿದ ಸಾಲು, ಅದರ ಕೆಳಗೆ ಅವಳ ದುಂಡನೆಯ ಅಕ್ಷರ.

ಅವತ್ತು ಸಂಜೆ ರೊಟ್ಟಿ ತಟ್ಟುವ ಸರದಿ ನನ್ನದು. ಅತ್ತೆ ಅಡುಗೆಮನೆ ಬಾಗಿಲಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದರು.

"ಏನವ್ವಾ ಶಿವಲೀಲಾ, ಚಿಕ್ಕೋಳು ಏನೋ ಕಂಡುಹಿಡಿದಾಳಂತಲ್ಲ? ಜೀವ ಇರೋ ಜಾಗ ಅಂತೆ. ಉಮಾಪತಿ ಫೋನ್ ಮಾಡಿ ಹೇಳ್ತಾ ಇದ್ದ."

"ಇನ್ನೂ ಗ್ಯಾರಂಟಿ ಇಲ್ಲ ಅತ್ತೆ."

"ನೀನು ಮೊದ್ಲು ಒಂದ್ಸಲ ಕಂಡೆ ಅಂದು ಆಮೇಲೆ ಇಲ್ಲ ಅಂದಿದ್ಯಲ್ಲ, ಹಂಗಲ್ಲ ತಾನೆ ಇದು?"

ಮುದುಕಿಗೆ ಕೇಡು ಬಯಸುವ ಬುದ್ಧಿಯಿಲ್ಲ. ಇದ್ದದ್ದನ್ನು ಇದ್ದ ಹಾಗೆ ಕೇಳಿದರು. ನನ್ನ ರೊಟ್ಟಿ ಹಂಚಿನ ಮೇಲೆ ಕರಕಾಯಿತು.

ಶನಿವಾರ ಮನೆಯವರೆಲ್ಲ ದಾವಣಗೆರೆಗೆ ಒಂದು ನಾಮಕರಣಕ್ಕೆ ಹೋದರು. ತಲೆನೋವೆಂದು ನಾನು ಉಳಿದುಕೊಂಡೆ. ಬೀರುವಿನಲ್ಲಿ ರೇಷ್ಮೆ ಸೀರೆಗಳ ಅಡಿಯಿಂದ ಲಕೋಟೆ ತೆಗೆದೆ. ಬರೀ ನೋಡಲಿಕ್ಕೆ ಎಂದು ನನಗೆ ನಾನೇ ಹೇಳಿಕೊಂಡೆ. ಮುದ್ರೆ ಒಡೆದು ಹಾಳೆ ಬಿಡಿಸಿದರೆ ನಾಲ್ಕನೇ ಸಾಲು ಖಾಲಿ ಬಿದ್ದಿತ್ತು.

ಕೆಂಚಿಯ ನಂಬರು ಬರೆದೆ. ಓಜೋನ್ ಇಷ್ಟು, ಮೀಥೇನ್ ಇಷ್ಟು, ಎರಡು ಸಂಕ್ರಮದಷ್ಟು ತಡವಾಗಿ. ಬೆರೆಸಿದ್ದು ಯಾವತ್ತೂ ಬೆರೆಸಿದಷ್ಟೇ ಆಗಿ ಸಿಗುವುದಿಲ್ಲ, ಆದ್ದರಿಂದ ಇಂಚರ ಬರೆದಿದ್ದ ಅಂಕಿಗಳಿಗಿಂತ ಚೂರು ಹೆಚ್ಚುಕಮ್ಮಿ ಮಾಡಿ ಬರೆದೆ. ಇಪ್ಪತ್ತೈದು ವರ್ಷದ ಅನುಭವ ಹೀಗೆ ಕೆಲಸಕ್ಕೆ ಬಂತು. ಐದನೇ ಸಾಲಿಗೆ ಮಾತ್ರ ನಿಯಮದ ಪ್ರಕಾರ ಅಡ್ಡಗೆರೆ ಹೊಡೆದೆ. ಹೊಸ ಲಕೋಟೆಗೆ ಒಗ್ಗರಣೆ ಸೌಟಿನಲ್ಲಿ ಅರಗು ಕರಗಿಸಿ ಮುದ್ರೆ ಒತ್ತಿದೆ. ಸಂಜೆ ಬಂದ ಅತ್ತೆ "ಏನೇ ಇದು ವಾಸನೆ?" ಅಂದರು. ಹಾಲು ಉಕ್ಕಿತ್ತು ಎಂದೆ.

ಏಳನೇ ದಿನ ಮೆನೇಜಸ್ ಸರ್ ಲಕೋಟೆ ಒಡೆದು ಗಟ್ಟಿಯಾಗಿ ಓದಿದರು. ಮೊದಲ ಮೂರು ಸಾಲಿನಲ್ಲಿ ಕೆಂಚಿ ಇರಲಿಲ್ಲ. ನಾಲ್ಕನೆಯದನ್ನು ಓದಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ನಾನು ಇಂಚರಳನ್ನೇ ನೋಡುತ್ತಿದ್ದೆ. ಅವಳು ಕುಸಿಯಬೇಕು, ಅಳಬೇಕು, ಒಂಬತ್ತು ವರ್ಷದ ಹಿಂದೆ ನಾನು ಹೋದ ಹಾಗೆ ಮುಖ ಮುಚ್ಚಿಕೊಂಡು ಹೊರಗೆ ಹೋಗಬೇಕು. ನನಗೆ ಬೇಕಾಗಿದ್ದುದು ಅಷ್ಟೇ.

ಅವಳು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕಳು. "ಅಕ್ಕಾ!" ಎಂದು ಬಂದು ನನ್ನ ಎರಡೂ ಕೈ ಹಿಡಿದಳು. "ಎಷ್ಟು ಚಂದ ಮಾಡಿದೀರ! ಆ ತಡವಾಗಿ ಏರೋದು ಇದೆಯಲ್ಲ, ಅದನ್ನ ನೋಡಿ ನಾನು ಮೋಸಹೋದೆ. ಅಲ್ಲಿ ಏನೋ ಉಸಿರಾಡ್ತಿದೆ ಅಂತ ಏಳು ದಿನ ನಂಬಿದ್ದೆ. ಇದು ಯಾರಿಗೆ ಹೊಳೆಯುತ್ತೆ?"

ಮಧ್ಯಾಹ್ನ ಇಡೀ ಕೇಂದ್ರಕ್ಕೆ ಅವಳೇ ಮಂಡಕ್ಕಿ, ಮಿರ್ಚಿ ತರಿಸಿದಳು. ಸೋತ ಪಾರ್ಟಿ ಎಂದಳು. ಎಲ್ಲರೂ ಬಂದು ನನ್ನ ಕೈಕುಲುಕಿದರು. ಅಷ್ಟು ಹೊಗಳಿಕೆ ನನ್ನ ಜೀವಮಾನದಲ್ಲಿ ಸಿಕ್ಕಿರಲಿಲ್ಲ. ನಾನು ಮಿರ್ಚಿ ತಿನ್ನುತ್ತ ಉರಿದುಹೋಗುತ್ತಿದ್ದೆ. ಕಸಿದುಕೊಂಡರೂ ನೋವಾಗದ ಹೆಂಗಸನ್ನು ಏನು ಮಾಡುವುದು?

ಸುಳ್ಳೆಂದು ಗೊತ್ತಾದ ನಕ್ಷತ್ರವನ್ನು ಪಟ್ಟಿಯಿಂದ ತೆಗೆಯುವುದು ವಾಡಿಕೆ. ಕೆಂಚಿಯನ್ನೂ ತೆಗೆದರು. ಬೆಳಕಿಂಡಿಯ ಉಪಕರಣಗಳನ್ನು ತಂಪಾಗಿಡುವ ಹೀಲಿಯಂ ಜುಲೈಗೆ ಮುಗಿಯಲಿತ್ತು, ಉಳಿದ ದಿನಗಳನ್ನು ಬೇರೆ ನಕ್ಷತ್ರಗಳಿಗೆ ಹಂಚಿದರು. ಇಂಥ ಇನ್ನೊಂದು ದೂರದರ್ಶಕ ಮೇಲೆ ಹೋಗುವುದು ಇಪ್ಪತ್ತೆರಡು ವರ್ಷದ ನಂತರ.

ಆಮೇಲಿನ ತಿಂಗಳುಗಳನ್ನು ಹೇಗೆ ಹೇಳಲಿ? ಮಧ್ಯಾಹ್ನ ಊಟದ ಹೊತ್ತಿಗೆ ನನ್ನ ಕೋಣೆಯ ಬಾಗಿಲು ಹಾಕಿಕೊಂಡು ಕೆಂಚಿಯ ರೋಹಿತ ತೆರೆದು ಕೂರುತ್ತಿದ್ದೆ. ಅದು ಏರಿತು, ಇಳಿಯಿತು. ಹಿಂದೆಯೇ ಇನ್ನೊಂದು ಏರಿತು, ಇಳಿಯಿತು. ಎಂಟು ನೂರು ಕೋಟಿ ಜನರಲ್ಲಿ ನನಗೊಬ್ಬಳಿಗೇ ಗೊತ್ತಿದ್ದ ಲೋಕ. ಕದ್ದ ಬೆಲ್ಲದ ಹಾಗೆ ಸಿಹಿಯಾಗಿತ್ತು ಎಂದರೆ ಸುಳ್ಳಲ್ಲ.

ಅಷ್ಟರಲ್ಲಿ ಮೆನೇಜಸ್ ಸರ್ ಹೊಸಬರಿಗೆ ಪಾಠ ಮಾಡಲು ಹೇಳಿದರು. "ಆ ನಾಲ್ಕನೇ ಸುಳ್ಳು ಮಾಡಿದ್ದು ಹೇಗೆ ಅಂತ ಒಂದು ಹೇಳಿಕೊಡಿ ಮೇಡಂ. ನಾವು ಸತ್ತ ಮೇಲೂ ಬೇಕಲ್ಲ ಈ ವಿದ್ಯೆ." ನಾನು ಮಾಡಿದ್ದಾಗಿದ್ದರೆ ತಾನೆ ಹೇಳಿಕೊಡುವುದು! ಮೀಥೇನ್ ಯಾಕೆ ತಡವಾಗಿ ಏರುತ್ತದೆಂದು ನನಗೇ ಗೊತ್ತಿರಲಿಲ್ಲ. ಇವತ್ತು ನಾಳೆ ಎಂದು ಮುಂದೂಡುತ್ತ, ಕಂಪ್ಯೂಟರಿನಲ್ಲಿ ಕೃತಕ ಗ್ರಹಗಳನ್ನು ಕಟ್ಟಿ ನೋಡಿದೆ. ಜ್ವಾಲಾಮುಖಿ ಹಾಕಿದೆ, ಸಮುದ್ರ ಹಾಕಿದೆ, ಬಂಡೆ ಕರಗಿಸಿದೆ. ಆ ತಡ ಬರಲಿಲ್ಲ. ಕೊನೆಗೆ ತಿಂದು ಉಸಿರು ಬಿಡುವ ಏನೋ ಒಂದು ಅಲ್ಲಿದೆ ಎಂದು ಒಂದು ಸಂಖ್ಯೆ ಸೇರಿಸಿದ ದಿನ ಗೆರೆಗಳು ಕೆಂಚಿಯ ಗೆರೆಗಳ ಮೇಲೆ ಸರಿಯಾಗಿ ಕೂತವು. ನಾನು ಬಾಗಿಲು ಹಾಕಿದ ಕೋಣೆಯಲ್ಲಿ ಒಬ್ಬಳೇ ಅತ್ತುಬಿಟ್ಟೆ.

ಅದು ಜೂನ್ ನಾಲ್ಕನೇ ತಾರೀಕು. ಇನ್ನೂ ಹೊತ್ತಿತ್ತು. ಎದ್ದು ಹೋಗಿ ಒಂದು ಮಾತು ಹೇಳಿದ್ದರೆ, ಹೀಲಿಯಂ ಮುಗಿಯುವ ಮೊದಲು ಕೆಂಚಿಯ ಎರಡು ಸಂಕ್ರಮವನ್ನಾದರೂ ಮತ್ತೆ ನೋಡಬಹುದಿತ್ತು. ಏನು ಹುಡುಕಬೇಕೆಂದು ಮೊದಲೇ ಗೊತ್ತಿದ್ದುದರಿಂದ, ಸುಳ್ಳು ಬೆರೆಸುವುದನ್ನು ಪೂರ್ತಿ ನಿಲ್ಲಿಸಿ ನೋಡಿದಾಗ ಅದರ ಮಸುಕು ಗುರುತಾದರೂ ಕಂಡಿದ್ದರೆ ಹಾಳೆ ಸುಳ್ಳೆಂದು ತೋರಿಸಲು ಅಷ್ಟೇ ಸಾಕಿತ್ತು. ನಾಳೆ ಹೇಳುತ್ತೇನೆ ಅಂದುಕೊಂಡೆ. ಮರುದಿನ ಇಂಚರ ಟಿಪ್ಪಣಿ ಪುಸ್ತಕ ಹಿಡಿದು ಬಂದು, "ಅಕ್ಕಾ, ನಿಮ್ಮ ಹತ್ರ ಸುಳ್ಳು ಮಾಡೋದು ಕಲೀಬೇಕು" ಎಂದು ಎದುರಿಗೆ ಕೂತಳು. ಬಸ್ಸಿನಲ್ಲಿ ಪಕ್ಕ ಕೂತು ಅದನ್ನೇ ಕೇಳಿದಳು. ಅವಳ ಕಣ್ಣಲ್ಲಿ ನಾನು ದೊಡ್ಡವಳಾಗಿದ್ದೆ. ಜುಲೈ ಹನ್ನೊಂದಕ್ಕೆ ಹೀಲಿಯಂ ಮುಗಿದು ಬೆಳಕಿಂಡಿ ಮುಚ್ಚಿತು. ಎಲ್ಲರೂ ಎದ್ದುನಿಂತು ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ.

ಸೆಪ್ಟೆಂಬರಿನ ಒಂದು ಭಾನುವಾರ ಮಹಡಿಯ ಮೇಲೆ ಮೆಣಸಿನಕಾಯಿ ಒಣಗಲು ಹಾಕಿದ್ದೆವು. ಅವಳು ಒಂದು ಬದಿಯಿಂದ, ನಾನೊಂದು ಬದಿಯಿಂದ ತಿರುವಿ ಹಾಕುತ್ತಿದ್ದೆವು.

"ಅಕ್ಕಾ, ಬೆಳಕಿಂಡಿ ಬಗ್ಗೆ ಬರೀತಿದೀನಲ್ಲ, ಆ ಪುಸ್ತಕದಲ್ಲಿ ನಿಮ್ಮ ನಾಲ್ಕನೇ ಸುಳ್ಳಿಗೆ ಒಂದು ಅಧ್ಯಾಯ ಇಡ್ತಾ ಇದೀನಿ. ಈ ಸಲ ನೀವು ತಪ್ಪಿಸ್ಕೊಳ್ಳೋ ಹಂಗಿಲ್ಲ. ಹೇಳಿ, ಹೆಂಗೆ ಮಾಡಿದ್ರಿ?"

"ನಾನು ಮಾಡಿದ್ದಲ್ಲ."

"ಹಂಗಂದ್ರೆ?"

"ಹಾಳೇಲಿ ಕೆಂಚಿ ಇರಲಿಲ್ಲ, ಇಂಚರ. ನೀನು ರಿಜಿಸ್ಟರಲ್ಲಿ ಬರೆದ ಮೇಲೆ ನಾನು ಸೇರಿಸಿದೆ. ನೀನು ಕಂಡಿದ್ದು ನಿಜ."

ಆತ್ಮಸಾಕ್ಷಿ ತಡೆಯದೆ ಹೇಳಿದೆ ಎಂದು ಬರೆಯಬಹುದು. ಅರ್ಧ ಅದೇ. ಇನ್ನರ್ಧ, ಅವಳು ಹಾಗೆ ನಗುನಗುತ್ತ ಕೇಳಿದ್ದನ್ನು ನನಗೆ ಸಹಿಸಲಾಗಲಿಲ್ಲ.

ಅವಳು ಕೈಯಲ್ಲಿದ್ದ ಮೆಣಸಿನಕಾಯಿಯನ್ನು ಮೆಲ್ಲಗೆ ಕೆಳಗಿಟ್ಟಳು. "ಹೀಲಿಯಂ ಮುಗಿಯೋ ಮುಂಚೆ ಹೇಳಿದ್ರೆ ಇನ್ನೊಂದ್ಸಲ ನೋಡಬಹುದಿತ್ತು."

"ಹೂಂ."

"ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಅದು ನಿಂದಾಗ್ತಿತ್ತು."

ಅವಳು ತಲೆಯಾಡಿಸಿದಳು, ಲೆಕ್ಕದಲ್ಲಿ ಸಿಗದಿದ್ದ ತಪ್ಪು ಸಿಕ್ಕವರ ಹಾಗೆ. "ನಾಳೆ ಮೆನೇಜಸ್ ಸರ್‌ಗೆ ಬರೆದುಕೊಡ್ತೀನಿ" ಎಂದೆ ನಾನು.

"ಬರೆದುಕೊಟ್ರೆ ಏನಾಗುತ್ತೆ? ಹಾಳೆ ಇದೆ. ಹಾಳೆ ಎದುರು ಬಾಯಿಮಾತು ನಡೆಯಲ್ಲ. ವಾರಗಿತ್ತಿ ಮೇಲಿನ ಕನಿಕರಕ್ಕೆ ಈಗ ಸುಳ್ಳು ಹೇಳ್ತಿದಾರೆ ಅಂತಾರೆ ನಿಮ್ಮನ್ನ." ಅವಳ ದನಿ ಇನ್ನೂ ಸರಿಯಾಗಿಯೇ ಇತ್ತು. "ನಾನು ನಂಬ್ತೀನಿ. ಅದೇ ಕಷ್ಟ. ಫೆಬ್ರವರಿಲಿ ನಾನೇನೂ ಕಳ್ಕೊಂಡಿರಲಿಲ್ಲ ಅಕ್ಕಾ. ಇಲ್ಲದೇ ಇದ್ದಿದ್ದು ಹೋಯ್ತು, ಹೋಗ್ಲಿ ಅಂತ ನಕ್ಕೆ. ಈಗ ಕಳ್ಕೊಂಡೆ."

ಆಮೇಲೆ ಅತ್ತಳು. ನಾನು ಅಷ್ಟು ದಿನ ಕಾದಿದ್ದ ಅಳು ಅದು. ಖಾರದ ಕೈಯಲ್ಲಿ ಕಣ್ಣು ಒರೆಸಿಕೊಳ್ಳಲಾಗದೆ ಮೊಣಕೈಯಿಂದ ಒರೆಸಿಕೊಳ್ಳುತ್ತ ಅತ್ತಳು. ನಾನು ಸೆರಗು ಚಾಚಿದೆ. ಮುಟ್ಟಿಸಿಕೊಳ್ಳಲಿಲ್ಲ.

ಅಳು ನಿಂತ ಮೇಲೆ ನನ್ನ ಕಡೆ ನೋಡದೆ ಕೇಳಿದಳು.

"ಅದನ್ನ ನೋಡ್ತಿದ್ರಾ?"

"ದಿನಾ."

"ನಿಜ ಅಂತ ಗೊತ್ತಿದ್ದು ನೋಡಿದ್ರೆ ಹೆಂಗಿರುತ್ತೆ?"

ನಾನು ಹೇಳಿದೆ. ಬಾಗಿಲು ಹಾಕಿಕೊಂಡು ಕೂತ ಮಧ್ಯಾಹ್ನಗಳನ್ನು ಹೇಳಿದೆ. ತಿಂದು ಉಸಿರು ಬಿಡುವ ಆ ಒಂದು ಸಂಖ್ಯೆ ಸೇರಿಸಿದಾಗ ಗೆರೆಯ ಮೇಲೆ ಗೆರೆ ಕೂತದ್ದನ್ನು, ನಾನು ಅತ್ತದ್ದನ್ನು ಹೇಳಿದೆ. ಅವಳಿಗೆ ಸಿಕ್ಕಿದ್ದು ಏಳು ದಿನದ ಅರೆನಂಬಿಕೆ, ನನಗೆ ಸಿಕ್ಕಿದ್ದು ಏಳು ತಿಂಗಳ ಖಾತ್ರಿ. ಕೇಳುತ್ತ ಕೇಳುತ್ತ ಅವಳು ತಲೆ ಎತ್ತಿ ನನ್ನನ್ನು ನೋಡಿದಳು. ಆ ನೋಟ ನನಗೆ ಚೆನ್ನಾಗಿ ಗೊತ್ತಿತ್ತು. ಒಳಗೆ ಕಿಚ್ಚು ಹತ್ತಿ, ಕಣ್ಣು ಕಿರಿದಾಗಿ, ತುಟಿ ಬಿಗಿದು, ನಿನಗೆ ಸಿಕ್ಕಿತಲ್ಲ ಎನ್ನುವ ನೋಟ. ಏಳು ವರ್ಷದಲ್ಲಿ ಮೊದಲ ಸಲ ಇಂಚರ ನನ್ನನ್ನು ಕಂಡು ಹೊಟ್ಟೆಕಿಚ್ಚು ಪಟ್ಟಳು. ನಾನು ಬೇಡಿಕೊಂಡಿದ್ದು ಇದನ್ನೇ. ಅವಳ ಮುಖವನ್ನು ಹೆಚ್ಚು ಹೊತ್ತು ನೋಡಲಾಗದೆ ತಲೆ ತಗ್ಗಿಸಿ, ಅವಳು ಕೆಳಗಿಟ್ಟಿದ್ದ ಮೆಣಸಿನಕಾಯಿಯನ್ನೂ ನಾನೇ ತಿರುವಿ ಹಾಕಿದೆ.